ಮನವಿ ಪತ್ರದ ‘ಗೆ’ ಎಂಬ ಸಾಲು: ನಗರದ ಪೊಲೀಸು ಮತ್ತು ಅಗ್ನಿಶಾಮಕ ದಳ ಯಾರ ಉಸ್ತುವಾರಿಯಲ್ಲಿವೆ?

(ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗಳ ಭಾಷಾ ಶಿಕ್ಷಕರು ಹಾಗೂ ಸಮಾಜ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ಮನವಿ ಪತ್ರದ ಪ್ರಶ್ನೆ ಇಲ್ಲದಿರುವುದು ಅಪರೂಪ. ‘ನಿಮ್ಮ ಬಡಾವಣೆಯಲ್ಲಿ ಕಳ್ಳತನಗಳು ಹೆಚ್ಚಿರುವುದರಿಂದ ರಾತ್ರಿ ಗಸ್ತು ಏರ್ಪಡಿಸುವಂತೆ ಕೋರಿ ಸಂಬಂಧಪಟ್ಟವರಿಗೆ ಪತ್ರ ಬರೆಯಿರಿ’ ಎಂಬಂತಹ ಪ್ರಶ್ನೆ ಅದು. ವಿದ್ಯಾರ್ಥಿಯು ‘ಇಂದ’ ಎಂದು ಬರೆಯುತ್ತಾನೆ, ‘ಗೆ’ ಎಂದು ಬರೆಯುತ್ತಾನೆ. ವಿಷಯ, ಸಂಬೋಧನೆ, ಒಕ್ಕಣೆ, ವಂದನೆ, ಸಹಿ ಎಲ್ಲವನ್ನೂ ಕ್ರಮವಾಗಿ ಮುಗಿಸುತ್ತಾನೆ. ನಮೂನೆ ಸರಿಯಿದ್ದರೆ ಅಂಕ ಬರುತ್ತದೆ. ‘ಗೆ’ ಎಂಬುದರ ಕೆಳಗೆ ‘ಮಾನ್ಯ ಅಧಿಕಾರಿಗಳು, ಸರ್ಕಾರಿ ಕಚೇರಿ’ ಎಂದಷ್ಟೇ ಬರೆದಿದ್ದರೂ ಮೌಲ್ಯಮಾಪಕರು ಸಾಮಾನ್ಯವಾಗಿ ಅಂಕ ಕಡಿತಗೊಳಿಸುವುದಿಲ್ಲ. ಆದರೆ ಅದೇ ಪತ್ರವನ್ನು ನಿಜವಾಗಿ ಅಂಚೆಗೆ ಹಾಕಿದರೆ ಅದು ಎಲ್ಲಿಗೂ ತಲುಪದು.

ಆ ಒಂದು ಸಾಲನ್ನು ಸರಿಯಾಗಿ ಬರೆಯಲು ಬೇಕಾದ ತಿಳಿವಳಿಕೆ ಭಾಷಾ ಪುಸ್ತಕದಲ್ಲಿ ಇಲ್ಲ. ಅದು ಪೌರನೀತಿಯ ಪಾಠದಲ್ಲಿದೆ. ಅಲ್ಲಿಯೂ ಪೊಲೀಸು, ಅಗ್ನಿಶಾಮಕ ದಳ, ನೀರು, ಬೀದಿ ದೀಪ ಎಲ್ಲವೂ ‘ಸರ್ಕಾರ ಒದಗಿಸುವ ಸೇವೆಗಳು’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಸೇರಿಹೋಗಿರುತ್ತವೆ. ಖಾಕಿ ಉಡುಪಿನವರು, ಕೆಂಪು ವಾಹನದವರು ಇಬ್ಬರೂ ಒಂದೇ ಮನೆಯವರೆಂದು ಮಗು ಭಾವಿಸುತ್ತದೆ. ಕೆಲವು ರಾಜ್ಯಗಳಲ್ಲಿ ಇದು ನಿಜ, ಕೆಲವು ರಾಜ್ಯಗಳಲ್ಲಿ ಅಲ್ಲ. ಗಡಿಯಾಚೆಯ ಕನ್ನಡ ಶಿಕ್ಷಕರಿಗೆ ತೊಡಕು ಉಂಟಾಗುವುದು ಇಲ್ಲಿಯೇ. ಏಕೆಂದರೆ ಕರ್ನಾಟಕದಲ್ಲಿ ಅಚ್ಚಾದ ಪೂರಕ ಪುಸ್ತಕವನ್ನು ನೋಡಿ ಸೊಲ್ಲಾಪುರದಲ್ಲಿ ಈ ಪಾಠವನ್ನು ಮಾಡಿದರೆ ಅದು ತಪ್ಪು ಪಾಠವಾಗುತ್ತದೆ.

ಮೊದಲು ಸಂವಿಧಾನವನ್ನು ನೋಡಬೇಕು. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಮೊದಲ ವಿಷಯ ಸಾರ್ವಜನಿಕ ಸುವ್ಯವಸ್ಥೆ, ಎರಡನೆಯದು ಪೊಲೀಸು. 1992ರಲ್ಲಿ ಅಂಗೀಕಾರಗೊಂಡು 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿಯು ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಅದರ ಏಳನೆಯ ನಮೂದು ಅಗ್ನಿಶಾಮಕ ಸೇವೆ. ಪೊಲೀಸು ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಭಾರತದ ಯಾವ ಮಹಾಪೌರರೂ ತಮ್ಮ ನಗರದ ಪೊಲೀಸರಿಗೆ ಆಜ್ಞೆ ನೀಡಲಾರರು. ಅಮೆರಿಕದ ನಗರಗಳಲ್ಲಿ ನಗರಸಭೆಯೇ ಪೊಲೀಸರ ಆಯವ್ಯಯವನ್ನು ಒಪ್ಪುವ, ಮೇಯರರು ಪೊಲೀಸ್ ಮುಖ್ಯಸ್ಥರನ್ನು ನೇಮಿಸುವ ಪದ್ಧತಿ ವ್ಯಾಪಕವಾಗಿದೆ. ಚಲನಚಿತ್ರಗಳಲ್ಲಿ ಅದನ್ನು ಕಂಡ ಮಕ್ಕಳು ಇಲ್ಲಿಯೂ ಹಾಗೆಯೇ ಇರಬೇಕೆಂದು ಊಹಿಸುವುದುಂಟು. ಅಗ್ನಿಶಾಮಕ ಸೇವೆಯ ವಿಚಾರದಲ್ಲಾದರೋ ಸಂವಿಧಾನ ದಾರಿಯನ್ನು ತೋರಿಸಿದೆ, ಒತ್ತಾಯ ಮಾಡಿಲ್ಲ. ವಹಿಸಿಕೊಡುವುದು, ಬಿಡುವುದು ಆಯಾ ರಾಜ್ಯದ ವಿಧಾನಮಂಡಲದ ಇಚ್ಛೆ.

ಈ ಬೇರ್ಪಡೆ ಹೇಗೆ ಬಂತು ಎಂಬುದನ್ನು ತಿಳಿಯಲು ಮುಂಬಯಿಯ ಇತಿಹಾಸ ನೆರವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ನಗರದಲ್ಲಿ ಬೆಂಕಿ ನಂದಿಸುವುದು ಪೊಲೀಸರ ಉಪವೃತ್ತಿಯಾಗಿತ್ತು. 1888ರ ಮುಂಬಯಿ ಮಹಾನಗರ ಪಾಲಿಕೆ ಕಾಯಿದೆಯೊಂದಿಗೆ ಅದು ಪಾಲಿಕೆಯ ಹೊಣೆಯಾಯಿತು. ಪೊಲೀಸರು ಸರ್ಕಾರದ ಅಧೀನದಲ್ಲಿಯೇ ಉಳಿದರೂ ಅವರ ವೆಚ್ಚದ ಭಾರವನ್ನು ಪಾಲಿಕೆಯೂ ಹೊರುತ್ತಿತ್ತು. ಹಣ ಕೊಡುವವರು ಒಬ್ಬರು, ಆಜ್ಞೆ ಮಾಡುವವರು ಇನ್ನೊಬ್ಬರು ಎಂಬ ಈ ಏರ್ಪಾಡು ದೀರ್ಘಕಾಲದ ಜಗಳಕ್ಕೆ ಕಾರಣವಾಯಿತು. 1907ರ ಕಾಯಿದೆಯೊಂದು ಅದನ್ನು ವಿನಿಮಯದ ಮೂಲಕ ಬಗೆಹರಿಸಿತು: ಪೊಲೀಸರ ಖರ್ಚನ್ನು ಸರ್ಕಾರ ವಹಿಸಿಕೊಂಡಿತು, ಅದಕ್ಕೆ ಬದಲಾಗಿ ಪ್ರಾಥಮಿಕ ಶಿಕ್ಷಣ, ವೈದ್ಯಕೀಯ ನೆರವು ಮತ್ತು ಸಿಡುಬಿನ ಲಸಿಕೆಯ ಹೊಣೆ ಪಾಲಿಕೆಗೆ ಬಂತು. ಮುಂದೆ ಮುಂಬಯಿ ಪಾಲಿಕೆ ಮರಾಠಿ, ಗುಜರಾತಿ, ಉರ್ದು, ತಮಿಳು, ತೆಲುಗುಗಳೊಂದಿಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿತು. ಆ ಶಾಲೆಗಳ ಬೇರನ್ನು ಹುಡುಕುತ್ತ ಹೋದರೆ ಪೊಲೀಸ್ ಖರ್ಚಿನ ಲೆಕ್ಕಪುಸ್ತಕ ಸಿಗುತ್ತದೆ ಎಂಬುದು ಸಮಾಜ ವಿಜ್ಞಾನದ ತರಗತಿಯಲ್ಲಿ ಹೇಳಲೇಬೇಕಾದ ಸಂಗತಿ.

ಸೊಲ್ಲಾಪುರದ ಉದಾಹರಣೆ ಇನ್ನೂ ಹತ್ತಿರದ್ದು. 1930ರಲ್ಲಿ ಉಪ್ಪಿನ ಸತ್ಯಾಗ್ರಹದ ದಿನಗಳಲ್ಲಿ ಆ ಊರಿನ ನಗರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ತಲುಪಿದ ಮೇಲೆ ಗೋಲಿಬಾರು, ಕಿಚ್ಚು, ಪೊಲೀಸರ ಸಾವು ಎಲ್ಲವೂ ನಡೆದು, ಕೆಲವು ದಿನ ಊರು ಪೊಲೀಸರಿಲ್ಲದೆ ಸ್ವಯಂಸೇವಕರ ಕೈಯಲ್ಲಿ ನಡೆಯಿತು. ಮೇ 12ರಂದು ಸೇನಾಶಾಸನ ಘೋಷಣೆಯಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಈ ನಾಲ್ವರ ಹೆಸರು ಸೊಲ್ಲಾಪುರದ ಪ್ರತಿ ಮಗುವಿಗೂ ಗೊತ್ತು. ಮಕ್ಕಳಿಗೆ ತೋರಿಸಿಕೊಡಬೇಕಾದದ್ದು ಇನ್ನೊಂದಿದೆ. ಒಂದೇ ಊರಿನಲ್ಲಿ, ಒಂದೇ ತಿಂಗಳಿನಲ್ಲಿ, ನಗರಸಭೆ ಊರಿನ ಜನರ ಕಡೆಗೆ ಮುಖ ಮಾಡಿತ್ತು, ಪೊಲೀಸು ಮೇಲಿನ ಸರ್ಕಾರದ ಕಡೆಗೆ ಮುಖ ಮಾಡಿತ್ತು. ಸ್ವಾತಂತ್ರ್ಯಾನಂತರ ಆ ಮೇಲಿನ ಸರ್ಕಾರವೂ ಜನರದೇ ಆಯಿತು. ಆದರೆ ಪೊಲೀಸರು ಉತ್ತರ ಹೇಳುವ ದಿಕ್ಕು ಬದಲಾಗಲಿಲ್ಲ.

ಇನ್ನು ಇಂದಿನ ವ್ಯವಸ್ಥೆ. ಮಹಾರಾಷ್ಟ್ರದಲ್ಲಿ 1949ರ ಮಹಾನಗರ ಪಾಲಿಕೆಗಳ ಕಾಯಿದೆಯು ಸಲಕರಣೆಗಳಿಂದ ಕೂಡಿದ ಅಗ್ನಿಶಾಮಕ ದಳವನ್ನು ಇಟ್ಟುಕೊಳ್ಳುವುದನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. ಉದ್ಯಾನ, ನಾಟ್ಯಗೃಹಗಳಂತೆ ಇದು ಮನಸ್ಸಿದ್ದರೆ ಮಾಡುವ ಕೆಲಸವಲ್ಲ. ಅಕ್ಕಲಕೋಟೆಯಂತಹ ಸಣ್ಣ ಊರುಗಳ ನಗರ ಪರಿಷತ್ತುಗಳಿಗೆ 1965ರ ಕಾಯಿದೆ ಇದೇ ಹೊಣೆಯನ್ನು ಹೊರಿಸಿದೆ. ಆದ್ದರಿಂದ ಸೊಲ್ಲಾಪುರದ ಬಂಬು (ಮರಾಠಿ ನಾಡಿನಲ್ಲಿ ಬೆಂಕಿ ನಂದಿಸುವ ವಾಹನಕ್ಕೆ ಇರುವ ಹೆಸರು ಇದೇ) ಪಾಲಿಕೆಯ ಸ್ವತ್ತು, ಅದರ ಚಾಲಕ ಪಾಲಿಕೆಯ ನೌಕರ, ಅದಕ್ಕೆ ಬೇಕಾದ ಹಣ ಪಾಲಿಕೆಯ ಆಯವ್ಯಯದ ಒಂದು ಸಾಲು.

ಎಷ್ಟು ಬೇಕು ಎಂಬುದನ್ನು ಹೇಗೆ ನಿರ್ಧರಿಸುತ್ತಾರೆ? ಕೇಂದ್ರ ಗೃಹ ಮಂತ್ರಾಲಯದ ಅಗ್ನಿ ಸಲಹಾ ಸ್ಥಾಯೀ ಸಮಿತಿಯು ಒಂದು ಸರಳ ಮಾನದಂಡವನ್ನು ಶಿಫಾರಸು ಮಾಡಿದೆ. ಜನಸಂಖ್ಯೆ 3 ಲಕ್ಷವಾಗುವವರೆಗೆ ಪ್ರತಿ 50,000 ಜನರಿಗೆ ಒಂದು ಪಂಪು ವಾಹನ, ಅಲ್ಲಿಂದ ಮುಂದೆ ಪ್ರತಿ ಒಂದು ಲಕ್ಷಕ್ಕೆ ಒಂದು. ಕರೆ ಬಂದ ಮೇಲೆ ನಗರದಲ್ಲಿ 5ರಿಂದ 7 ನಿಮಿಷದೊಳಗೆ, ಗ್ರಾಮಾಂತರದಲ್ಲಿ 20 ನಿಮಿಷದೊಳಗೆ ವಾಹನ ಸ್ಥಳ ತಲುಪಬೇಕು. 2011ರ ಜನಗಣತಿಯಂತೆ ಸೊಲ್ಲಾಪುರ ನಗರದ ಜನಸಂಖ್ಯೆ 9,51,558. ಮೊದಲ 3 ಲಕ್ಷಕ್ಕೆ 6 ವಾಹನ, ಉಳಿದ ಆರೂವರೆ ಲಕ್ಷಕ್ಕೆ ಪೂರ್ಣ ಲಕ್ಷಗಳನ್ನಷ್ಟೇ ಹಿಡಿದರೆ 6, ಒಟ್ಟು 12. ಮಿಕ್ಕ ಅರ್ಧ ಲಕ್ಷವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 13. ಇದು ಐದನೆಯ ತರಗತಿಯ ಗಣಿತ. ಒಂದು ಊರಿನ ಅಗತ್ಯವನ್ನು ಮಗುವೊಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಲ್ಲದು ಎಂಬುದನ್ನು ಕಂಡಾಗ ಮಕ್ಕಳಲ್ಲಿ ಮೂಡುವ ಉತ್ಸಾಹ ಬೇರೆಯೇ. ‘ಹಾಗಾದರೆ ನಮ್ಮಲ್ಲಿ ಎಷ್ಟಿವೆ?’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆ ಪ್ರಶ್ನೆಯೇ ಉಸ್ತುವಾರಿಯ ಆರಂಭ.

ಆ ಪ್ರಶ್ನೆಯನ್ನು ಪಾಲಿಕೆಯೊಳಗೆ ಕೇಳಬೇಕಾದವರು ನಗರಸೇವಕರು. ಆಯುಕ್ತರು ಅಂದಾಜು ಪತ್ರಿಕೆಯನ್ನು ಸಿದ್ಧಪಡಿಸಿ 16 ಸದಸ್ಯರ ಸ್ಥಾಯೀ ಸಮಿತಿಯ ಮುಂದಿಡುತ್ತಾರೆ. ಸಮಿತಿ ಅದನ್ನು ತಿದ್ದಿ ಸಾಮಾನ್ಯ ಸಭೆಗೆ ಕಳುಹಿಸುತ್ತದೆ. ಸಭೆ ಒಪ್ಪಿದ ಮೇಲೆ ವಾಹನ ಖರೀದಿ, ಹೊಸ ಠಾಣೆ, ನೌಕರರ ನೇಮಕಾತಿಗೆ ಹಣ ದೊರೆಯುತ್ತದೆ. ನೇಮಕಾತಿಗೆ ರಾಜ್ಯದ ಒಪ್ಪಿಗೆಯೂ ಬೇಕಾಗುವುದರಿಂದ ಖಾಲಿ ಹುದ್ದೆಗಳು ವರ್ಷಾನುಗಟ್ಟಲೆ ಖಾಲಿಯೇ ಉಳಿಯುವುದುಂಟು. ಹೊಸ ವಾಹನದ ಪೂಜೆಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಅದನ್ನು ಓಡಿಸುವವನ ಹುದ್ದೆ ಖಾಲಿ ಇರುವುದು ಬರುವುದಿಲ್ಲ. ಇದಲ್ಲದೆ 15ನೆಯ ಹಣಕಾಸು ಆಯೋಗದ ಶಿಫಾರಸಿನಂತೆ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ ಎಲ್ಲ ರಾಜ್ಯಗಳಿಗೂ ಸೇರಿ 5,000 ಕೋಟಿ ರೂಪಾಯಿ ಮೀಸಲಾಯಿತು. ಅದು ರಾಜ್ಯಗಳ ಮೂಲಕ ಹರಿಯುವ ಹಣ.

2022ರ ಮಾರ್ಚಿನಲ್ಲಿ ಸೊಲ್ಲಾಪುರದ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಚುನಾವಣೆ ನಡೆಯದೆ ಮೂರು ವರ್ಷಕ್ಕೂ ಹೆಚ್ಚು ಕಾಲ ಆಯುಕ್ತರೇ ಆಡಳಿತಾಧಿಕಾರಿಯಾಗಿ ಪಾಲಿಕೆಯನ್ನು ನಡೆಸಿದರು. ಆ ಅವಧಿಯಲ್ಲಿ ಆಯವ್ಯಯವನ್ನು ಮಂಡಿಸುವವರೂ ಒಪ್ಪುವವರೂ ಒಬ್ಬರೇ. 2025ರ ಮೇ 18ರ ಬೆಳಗಿನ ಜಾವ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದರಲ್ಲಿ ಬೆಂಕಿ ಹೊತ್ತಿ 8 ಜನ ಪ್ರಾಣ ಕಳೆದುಕೊಂಡರು. ಚಾದರ ಮತ್ತು ಟವೆಲುಗಳಿಂದ ಹೆಸರು ಪಡೆದ ಊರು ಅದು. ಮಗ್ಗದ ಕೋಣೆಯ ನೂಲು, ಹತ್ತಿಯ ಧೂಳು, ಕಾರ್ಖಾನೆಯ ಆವರಣದಲ್ಲಿಯೇ ವಾಸ ಇವೆಲ್ಲ ಅಲ್ಲಿಗೆ ಹೊಸತಲ್ಲ. ಅಂದು ಬೆಂಕಿಯ ಕಾರಣವನ್ನೋ ದಳದ ಸಿದ್ಧತೆಯನ್ನೋ ಸಭೆಯಲ್ಲಿ ಎದ್ದು ನಿಂತು ಕೇಳಲು ಊರಿನಲ್ಲಿ ಒಬ್ಬ ಚುನಾಯಿತ ನಗರಸೇವಕನೂ ಇರಲಿಲ್ಲ. ಸಭೆ ಇದ್ದಿದ್ದರೆ ಆ ಜೀವಗಳು ಉಳಿಯುತ್ತಿದ್ದವು ಎಂದು ಹೇಳುವುದು ದುಡುಕಿನ ಮಾತಾದೀತು. ಕೇಳುವವರಿಲ್ಲದ ಮನೆಯಲ್ಲಿ ಅಗತ್ಯಗಳು ಕಡತದಲ್ಲಿ ಉಳಿಯುತ್ತವೆ ಎಂಬಷ್ಟು ಮಾತ್ರ ನಿಶ್ಚಿತ.

ಈ ವಿವರಣೆಯನ್ನು ಹೊಸೂರಿನ ಶಿಕ್ಷಕರು ಹೀಗೆಯೇ ಒಯ್ದರೆ ಮತ್ತೊಂದು ತಪ್ಪಾಗುತ್ತದೆ. ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಆದರೂ ಅಲ್ಲಿಯ ಅಗ್ನಿಶಾಮಕ ಠಾಣೆ ಪಾಲಿಕೆಯದಲ್ಲ. ತಮಿಳುನಾಡಿನಲ್ಲಿ 1985ರ ಕಾಯಿದೆಯಂತೆ ಅದು ರಾಜ್ಯದ ಇಲಾಖೆ, ಪೊಲೀಸರಂತೆಯೇ ಗೃಹ ಇಲಾಖೆಯ ಕೆಳಗೆ. ಕಾಸರಗೋಡು ಮತ್ತು ವಯನಾಡಿನಲ್ಲಿ 1962ರ ಕಾಯಿದೆಯಡಿ ಕೇರಳ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆ; ಆದೋನಿ, ರಾಯದುರ್ಗ, ಮಡಕಶಿರಾಗಳಲ್ಲಿ 1999ರ ಕಾಯಿದೆಯಡಿ ಆಂಧ್ರದ ರಾಜ್ಯ ಇಲಾಖೆ; ಗೋವೆಯಲ್ಲಿ ಪ್ರತ್ಯೇಕ ನಿರ್ದೇಶನಾಲಯ. ಕರ್ನಾಟಕದಲ್ಲಿಯೂ 1964ರ ಕಾಯಿದೆಯಂತೆ ಅದು ರಾಜ್ಯದ್ದೇ. ಹೀಗಾಗಿ ಹೊಸೂರಿನ ಬಾಲಕಿ ಹೊಸ ವಾಹನಕ್ಕಾಗಿ ಮಹಾಪೌರರಿಗೆ ಬರೆದರೆ ಪತ್ರ ದಾರಿ ತಪ್ಪುತ್ತದೆ. ಸೊಲ್ಲಾಪುರದ ಬಾಲಕಿ ಗೃಹ ಇಲಾಖೆಗೆ ಬರೆದರೆ ದಾರಿ ತಪ್ಪುತ್ತದೆ. ಮೊದಲನೆಯವಳ ಪತ್ರ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ ಹೋಗಬೇಕು, ಪ್ರತಿಯೊಂದು ಶಾಸಕರಿಗೆ. ಎರಡನೆಯವಳದು ಪಾಲಿಕೆಯ ಆಯುಕ್ತರಿಗೆ, ಪ್ರತಿಯೊಂದು ತನ್ನ ಪ್ರಭಾಗದ ನಗರಸೇವಕರಿಗೆ.

ಪೊಲೀಸರ ವಿಷಯ ಎಲ್ಲ ರಾಜ್ಯಗಳಲ್ಲೂ ಬಹುಮಟ್ಟಿಗೆ ಒಂದೇ. ಸೊಲ್ಲಾಪುರ ನಗರಕ್ಕೆ ಪೊಲೀಸ್ ಆಯುಕ್ತರಿದ್ದಾರೆ. ಅಕ್ಕಲಕೋಟೆಗೆ ಸೊಲ್ಲಾಪುರ ಗ್ರಾಮೀಣದ ಪೊಲೀಸ್ ಅಧೀಕ್ಷಕರು, ಜತ್ತಕ್ಕೆ ಸಾಂಗಲಿಯ ಅಧೀಕ್ಷಕರು. ಹೊಸ ಠಾಣೆ ಬೇಕಾದರೆ ಪ್ರಸ್ತಾವ ಅವರಿಂದ ಹೊರಟು ಪೊಲೀಸ್ ಮಹಾನಿರ್ದೇಶಕರು, ಗೃಹ ಇಲಾಖೆ, ಹಣಕಾಸು ಇಲಾಖೆ ಎಂಬ ಮೆಟ್ಟಿಲುಗಳನ್ನು ಏರಿ ಸರ್ಕಾರದ ಆದೇಶವಾಗಿ ಇಳಿದು ಬರಬೇಕು. ಪಾಲಿಕೆ ಠರಾವು ಮಾಡಿ ಕಳುಹಿಸಬಹುದು, ಬೀದಿ ದೀಪ ಹಾಕಿಸಬಹುದು; ಅದರ ಮಿತಿ ಅಷ್ಟೇ. ಪೊಲೀಸರ ಮೇಲೆ ಜನರ ಕಣ್ಣಿರಬೇಕೆಂಬ ಉದ್ದೇಶದಿಂದ ಸರ್ವೋಚ್ಚ ನ್ಯಾಯಾಲಯವು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ 2006ರ ಸೆಪ್ಟೆಂಬರ್ 22ರಂದು ರಾಜ್ಯ ಭದ್ರತಾ ಆಯೋಗ, ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸುವಂತೆ ನಿರ್ದೇಶನ ನೀಡಿತು. ಹಲವು ರಾಜ್ಯಗಳು ಅವನ್ನು ಮನಸ್ಸಿಲ್ಲದ ಮನಸ್ಸಿನಿಂದ, ತಮಗೆ ಅನುಕೂಲವಾದ ರೂಪದಲ್ಲಿ ಜಾರಿಗೆ ತಂದಿವೆ. ಅಂತಹದೊಂದು ಪ್ರಾಧಿಕಾರ ಇದೆ ಎಂಬುದು ಶಿಕ್ಷಕರಿಗೇ ಎಷ್ಟೋ ಸಲ ತಿಳಿದಿರುವುದಿಲ್ಲ.

ಗಡಿಯಾಚೆಯ ಕನ್ನಡಿಗರಿಗೆ ಇದರ ಮೇಲೆ ಇನ್ನೊಂದು ಪದರವಿದೆ: ಭಾಷೆ. ಸಂವಿಧಾನದ 350ನೆಯ ಅನುಚ್ಛೇದವು ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು ಎನ್ನುತ್ತದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ 350ಎ ಎಲ್ಲ ಶಿಕ್ಷಕರಿಗೂ ಗೊತ್ತು. ಅದರ ನೆರೆಮನೆಯ ಈ ಅನುಚ್ಛೇದ ಗೊತ್ತಿರುವವರು ಕಡಿಮೆ. ಆದರೆ ಉತ್ತರ ಯಾವ ಭಾಷೆಯಲ್ಲಿ ಬರಬೇಕು ಎಂಬುದನ್ನು ಅದು ಹೇಳುವುದಿಲ್ಲ. ಮತ್ತು ಮಾಹಿತಿ ಹಕ್ಕಿನ ಅರ್ಜಿಗೆ ಈ ಸೌಲಭ್ಯವಿಲ್ಲ: 2005ರ ಕಾಯಿದೆಯ 6ನೆಯ ಪ್ರಕರಣವು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬೇಕೆನ್ನುತ್ತದೆ. ಆದ್ದರಿಂದ ‘ನಮ್ಮ ಊರಿನಲ್ಲಿ ವಾಹನಗಳು ಸಾಲುವುದಿಲ್ಲ’ ಎಂಬ ಮನವಿಯನ್ನು ಕನ್ನಡದಲ್ಲಿ ಬರೆಯುವ ಹಕ್ಕಿದೆ; ‘ಎಷ್ಟು ವಾಹನಗಳಿವೆ?’ ಎಂಬ ಅರ್ಜಿಯನ್ನು ಸೊಲ್ಲಾಪುರದಲ್ಲಿ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯಬೇಕು. ಮನವಿಯನ್ನು ಕನ್ನಡದಲ್ಲಿ ಬರೆದು, ರಾಜ್ಯಭಾಷೆಯ ಅನುವಾದವನ್ನು ಜೊತೆಗೆ ಲಗತ್ತಿಸುವುದು ವಿವೇಕದ ಮಾರ್ಗ. ಹಾಗೆ ಮಾಡಿದರೆ ಹಕ್ಕನ್ನು ಬಿಟ್ಟುಕೊಟ್ಟಂತಾಗುವುದಿಲ್ಲ, ಗುಮಾಸ್ತರಿಗೆ ಪತ್ರವನ್ನು ಬದಿಗಿಡಲು ನೆಪವೂ ಸಿಗುವುದಿಲ್ಲ. ಪೊಲೀಸ್ ಠಾಣೆಯಲ್ಲಿ ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡ ಮೇಲೆ ದೂರುದಾರರಿಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣ ವಿಧಿಸುತ್ತದೆ. ಅರ್ಥವಾಗದ ಭಾಷೆಯಲ್ಲಿ ಓದಿ ಹೇಳಿದರೆ ಓದಿದಂತಾಯಿತೇ ಎಂದು ಹಿರಿಯ ತರಗತಿಗಳಲ್ಲಿ ಚರ್ಚೆಗೆ ಇಡಬಹುದು.

ಆದರೆ ಬೆಂಕಿ ಅನುವಾದಕ್ಕೆ ಕಾಯುವುದಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಯಿಂದ ಹುಲ್ಲಿನ ಛಾವಣಿಗೆ ಹಬ್ಬಿದ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡರು. ಆ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅವಿನಾಶ್ ಮೆಹರೋತ್ರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ತೀರ್ಪಿತ್ತು, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿ, ಶಾಲೆಗಳಲ್ಲಿ ನಂದಕಗಳನ್ನು ಇಡಬೇಕು, ಶಿಕ್ಷಕರಿಗೆ ಅವುಗಳ ಬಳಕೆ ಕಲಿಸಬೇಕು ಎಂದು ಆದೇಶಿಸಿತು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯಿದೆಯಡಿ ಅನ್ವಯವಾಗುವ ಕಟ್ಟಡಗಳ ಮಾಲೀಕರು ಪ್ರತಿ ವರ್ಷ ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಪರವಾನಗಿ ಪಡೆದ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ಸಲ್ಲಿಸಬೇಕು. ಗೋಡೆಗೆ ನೇತುಹಾಕಿದ ಕೆಂಪು ನಂದಕದ ಮೇಲಿನ ದಿನಾಂಕವನ್ನು ಮಕ್ಕಳಿಂದ ಓದಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕನ್ನಡ ಶಿಕ್ಷಕರಿಗೆ ಕೇಳಲು ಹಿತವಲ್ಲದ ಮಾತೊಂದನ್ನು ಇಲ್ಲಿ ಹೇಳಬೇಕಾಗಿದೆ. 112ಕ್ಕೋ 101ಕ್ಕೋ ಕರೆ ಮಾಡಿದಾಗ ಆ ತುದಿಯಲ್ಲಿರುವವರಿಗೆ ಕನ್ನಡ ಬರದೆ ಇರಬಹುದು. ಏನಾಗಿದೆ, ಎಲ್ಲಿ, ಹತ್ತಿರದ ಗುರುತು ಯಾವುದು, ಎಷ್ಟು ಜನ ಸಿಕ್ಕಿಕೊಂಡಿದ್ದಾರೆ, ಕರೆ ಮಾಡಿದವರ ಹೆಸರು ಎಂಬ ಐದು ವಾಕ್ಯಗಳನ್ನು ಆಯಾ ರಾಜ್ಯಭಾಷೆಯಲ್ಲಿ ಪ್ರತಿ ಮಗುವಿಗೂ ಬಾಯಿಪಾಠ ಮಾಡಿಸಬೇಕು. ಮರಾಠಿಯ ಅಗ್ನಿಶಮನ ದಲ, ತಮಿಳಿನ ತೀಯಣೈಪ್ಪು ನಿಲೈಯಂ, ತೆಲುಗಿನ ಅಗ್ನಿಮಾಪಕ ಕೇಂದ್ರಂ, ಕೇರಳದ ಜನ ದಿನಬಳಕೆಯಲ್ಲಿ ಹೇಳುವ ಫಯರ್ ಫೋರ್ಸ್ ಇವು ಆ ಮಕ್ಕಳ ಶಬ್ದಕೋಶದ ಭಾಗವಾಗಬೇಕು. ಇದರಿಂದ ಕನ್ನಡಕ್ಕೆ ಕುಂದು ಬರುವುದಿಲ್ಲ. ಮನೆಯ ಮಾತಿನಲ್ಲಿ ಮನವಿ ಬರೆಯಲು ಕಲಿತ ಮಗುವೇ ನೆರೆಯ ಮಾತಿನಲ್ಲಿ ಕರೆ ಮಾಡಲೂ ಕಲಿಯಲಿ.

ತರಗತಿಯಲ್ಲಿ ಇದನ್ನು ಎರಡು ಅವಧಿಗಳಲ್ಲಿ ಮಾಡಿಸಬಹುದು. ಮೊದಲ ಅವಧಿಯಲ್ಲಿ ಊರಿನ ಜನಸಂಖ್ಯೆ ಹಿಡಿದು ವಾಹನಗಳ ಲೆಕ್ಕ, ಹತ್ತಿರದ ಠಾಣೆಯಿಂದ ಶಾಲೆಗೆ ಇರುವ ದೂರ, ಸಂತೆಯ ದಿನ ಆ ದಾರಿಗೆ ಹಿಡಿಯುವ ಸಮಯ. ಎರಡನೆಯ ಅವಧಿಯಲ್ಲಿ ಮನವಿ ಪತ್ರ. ಈ ಸಲ ‘ಗೆ’ ಎಂಬ ಸಾಲಿಗೆ ಪ್ರತ್ಯೇಕವಾಗಿ 2 ಅಂಕ ಇಡಬೇಕು. ಹುದ್ದೆಯ ಹೆಸರು, ಕಚೇರಿ, ಊರು ಮೂರೂ ಸರಿಯಿದ್ದರೆ ಮಾತ್ರ ಅಂಕ. ಪತ್ರ ಬರೆಯುವ ಮೊದಲು ಮಕ್ಕಳಿಂದ ಶಾಲೆಯ ಹೆಬ್ಬಾಗಿಲಿನ ಅಗಲವನ್ನು ಅಳೆಯಿಸಬೇಕು. ಎಷ್ಟೋ ಹಳೆಯ ಶಾಲೆಗಳ ಗೇಟಿನೊಳಗೆ ಬಂಬು ನುಗ್ಗಲಾರದು. ಹಾಗೇನಾದರೂ ಕಂಡುಬಂದರೆ ಮೊದಲ ಪತ್ರವನ್ನು ಆಯುಕ್ತರಿಗಾಗಲಿ, ಗೃಹ ಇಲಾಖೆಗಾಗಲಿ ಬರೆಯಬೇಕಾಗಿಲ್ಲ. ಅದರ ‘ಗೆ’ ಸಾಲಿನಲ್ಲಿ ಬರಬೇಕಾದದ್ದು ಆ ಶಾಲೆಯದೇ ಆಡಳಿತ ಮಂಡಳಿ.